ಮೃತ್ತಿಕೆಯ ಮೂರ್ತಿ: ಭಾದ್ರಪದ ಮಾಸಕ್ಕೊಂದು ಪಾಠ

ಭಾದ್ರಪದ ಮಾಸವು ಸಮೀಪಿಸುತ್ತಿದೆ. ಶುಕ್ಲ ತದಿಗೆಯಂದು ಸ್ವರ್ಣಗೌರೀ ವ್ರತ, ಮರುದಿನ ಚೌತಿಯಂದು ಶ್ರೀ ವಿನಾಯಕ ವ್ರತ. ಈ ಎರಡು ದಿನಗಳಲ್ಲಿ ಮಣ್ಣು ಮೂರ್ತಿಯಾಗಿ ನಮ್ಮ ಮನೆಗಳಿಗೆ ಬರುತ್ತದೆ. ಪೂಜೆಗೊಂಡು ಮರಳಿ ನೀರಿಗೆ ಸೇರುತ್ತದೆ. ಪೂಜೆಯ ಕ್ರಮ, ಸಂಕಲ್ಪ, ನೈವೇದ್ಯ ಇವುಗಳ ವಿಷಯವಾಗಿ ಆಸ್ತಿಕರು ವರ್ಷವರ್ಷವೂ ವಿದ್ವಾಂಸರಿಂದ ಕೇಳಿ ತಿಳಿಯುತ್ತಾರೆ. ಆದರೆ ಪೀಠದ ಮೇಲೆ ಕುಳಿತ ಮೂರ್ತಿ ಯಾವ ಮಣ್ಣಿನದು, ಅದನ್ನು ಹೇಗೆ ಮಾಡುತ್ತಾರೆ, ಅದು ನೀರಿನಲ್ಲಿ ಏಕೆ ಕರಗುತ್ತದೆ ಎಂಬುದನ್ನು ಕೇಳುವವರು ವಿರಳ. ಅರ್ಚಕರ ಮನೆಯಲ್ಲಿ ಹುಟ್ಟಿ ಪಾಠಶಾಲೆಯಲ್ಲಿ ಓದಿದ ನಾವು ಕೂಡ ಬಹುಕಾಲ ಕೇಳಿದವರಲ್ಲ. ಕೇಳುವಂತೆ ಮಾಡಿದ್ದು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಣ್ಣ ಪ್ರಸಂಗ. ಅದನ್ನೇ ಮೊದಲು ನಿವೇದಿಸಿ ಅನಂತರ ಪಾಠಕ್ಕೆ ಬರುತ್ತೇವೆ.

ಕರಗದ ಮೂರ್ತಿ

ನಮ್ಮ ಬಾಲ್ಯದಲ್ಲಿ ಕೊಡಿಗೇಹಳ್ಳಿಯು ಇನ್ನೂ ಊರಿನ ಲಕ್ಷಣವನ್ನು ಉಳಿಸಿಕೊಂಡಿತ್ತು. ಚೌತಿಗೆ ಹತ್ತು ಹನ್ನೆರಡು ದಿನಗಳಿರುವಾಗ ತಂದೆಯವರು ಕೆರೆಯ ಅಂಚಿನಿಂದ ಒಂದು ಬುಟ್ಟಿ ಜೇಡಿಮಣ್ಣನ್ನು ತರಿಸಿ, ಹದಮಾಡಿ, ಗೇಣುದ್ದಕ್ಕೂ ಕಡಿಮೆಯ ಗಣಪತಿಯನ್ನು ತಮ್ಮ ಕೈಯಿಂದಲೇ ತಿದ್ದುತ್ತಿದ್ದರು. ಅದು ಸುಂದರವಾಗಿತ್ತೆಂದು ಹೇಳಲಾರೆವು. ಕಿವಿ ಒಂದು ದೊಡ್ಡದು, ಒಂದು ಚಿಕ್ಕದು ಆಗುತ್ತಿದ್ದುದುಂಟು. ಮುಂದೆ ಬಡಾವಣೆಗಳು ಬೆಳೆದವು, ಕೆರೆಯ ನೀರು ಕೆಟ್ಟಿತು, ತಂದೆಯವರಿಗೆ ಮಣಿಕಟ್ಟಿನ ನೋವು ಆರಂಭವಾಯಿತು. ಮಣ್ಣು ತರುವ ಪದ್ಧತಿ ನಿಂತಿತು.

೨೦೧೪ನೆಯ ಇಸವಿಯ ಚೌತಿಗೆ ನಾವೇ ಅಂಗಡಿಯೊಂದರಿಂದ ಮೂರ್ತಿಯನ್ನು ತಂದೆವು. ಮಣ್ಣಿನದೇ ಎಂದು ಅಂಗಡಿಯವರು ಹೇಳಿದ್ದರು, ನಾವೂ ಪರೀಕ್ಷಿಸಲಿಲ್ಲ. ನಯವಾದ ಮೈ, ಹೊಳೆಯುವ ಬಣ್ಣ, ಎರಡು ಕಿವಿಗಳೂ ಸಮ. ಪೂಜೆ ಸಾಂಗವಾಗಿ ನೆರವೇರಿತು. ಸಾಯಂಕಾಲ ಉದ್ವಾಸನೆ ಮಾಡಿ, ಮೂರ್ತಿಯನ್ನು ಕದಲಿಸಿ, ಹಿತ್ತಲಿನಲ್ಲಿ ಶುಚಿಯಾದ ಬಕೆಟ್ಟಿನ ನೀರಿನಲ್ಲಿ ವಿಸರ್ಜಿಸಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಮೂರ್ತಿ ಇಟ್ಟಂತೆಯೇ ಇತ್ತು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಬಣ್ಣ ಮಾತ್ರ ಸಿಪ್ಪೆಯಂತೆ ಎದ್ದು ನೀರಿನ ಮೇಲೆ ತೇಲುತ್ತಿತ್ತು.

ತಾಯಿಯವರು ಕಳವಳಗೊಂಡು, "ದೇವರು ಹೋಗಲೇ ಇಲ್ಲವಲ್ಲ, ನಮ್ಮಿಂದ ಏನು ತಪ್ಪಾಯಿತೋ" ಎಂದರು. ಒಡೆದು ನೀರಿಗೆ ಹಾಕಬಹುದೆಂದು ನೆರೆಯವರೊಬ್ಬರು ಸೂಚಿಸಿದರು. ತಂದೆಯವರು ಕಲ್ಲನ್ನೇನೋ ಕೈಗೆ ತೆಗೆದುಕೊಂಡರು. ಆದರೆ ಕೈ ಏಳಲಿಲ್ಲ. ನಲವತ್ತು ವರ್ಷ ದೇವರ ಮೈಯನ್ನು ಮೀಯಿಸಿ ಒರೆಸಿದ ಕೈ ಅದು. ಕಡೆಗೆ ಮೂರ್ತಿಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ನಗರಾಡಳಿತದವರು ವಿಸರ್ಜನೆಗೆಂದು ಏರ್ಪಡಿಸಿದ್ದ ತೊಟ್ಟಿಗೆ ಕೊಂಡೊಯ್ದು ಒಪ್ಪಿಸಿದೆವು. ಅಲ್ಲಿಯೂ ಅಂತಹ ನೂರಾರು ಮೂರ್ತಿಗಳು ಕೈಕಾಲು ಮುರಿದು ಒಂದರ ಮೇಲೊಂದು ಬಿದ್ದಿದ್ದವು. ಮನೆಗೆ ಬರುವ ದಾರಿಯುದ್ದಕ್ಕೂ ತಂದೆಯವರು ಮಾತನಾಡಲಿಲ್ಲ.

ಆ ರಾತ್ರಿ ಅವರು ತಾಯಿಯವರಿಗೆ ಹೇಳಿದ ಸಮಾಧಾನವೇ ಈ ಪಾಠದ ಬೀಜ. "ಉದ್ವಾಸನೆಯಾದ ಕೂಡಲೇ ವಿಶೇಷ ಸನ್ನಿಧಾನ ಹಿಂದಿರುಗಿತು. ಬಕೆಟ್ಟಿನಲ್ಲಿ ಉಳಿದದ್ದು ಜಡ. ಆ ಜಡ ಯಾವುದೆಂದು ತಿಳಿಯದೆ ತಂದದ್ದು ನಮ್ಮ ತಪ್ಪು" ಎಂದರು. ಈ ಮಾತಿನಲ್ಲಿ ಎರಡು ಅಂಶಗಳಿವೆ. ಭಗವಂತನು ಜಡವಲ್ಲ ಎಂಬುದು ಒಂದು. ಜಡದಲ್ಲಿಯೂ ಒಂದರಂತೆ ಇನ್ನೊಂದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಕ್ರಮವಾಗಿ ವಿಚಾರಿಸೋಣ.

ಎಂಟು ಬಗೆಯ ಪ್ರತಿಮೆಗಳು

ಶ್ರೀಮದ್ಭಾಗವತದ ಏಕಾದಶ ಸ್ಕಂಧದ ೨೭ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಉದ್ಧವನಿಗೆ ಪೂಜಾಕ್ರಮವನ್ನು ಉಪದೇಶಿಸುತ್ತಾನೆ. ಅಲ್ಲಿ ಪ್ರತಿಮೆಗಳು ಎಂಟು ವಿಧವೆಂದು ಹೇಳಿದೆ: ಶಿಲೆಯದು, ಮರದ್ದು, ಲೋಹದ್ದು, ಮಣ್ಣು ಮೊದಲಾದುವನ್ನು ಮೆತ್ತಿ ಮಾಡಿದ ಲೇಪ್ಯ, ಬಣ್ಣದಿಂದ ಬರೆದ ಲೇಖ್ಯ, ಮರಳಿನದು, ಮನಸ್ಸಿನಲ್ಲಿ ಕಲ್ಪಿಸಿದ್ದು, ರತ್ನದ್ದು. ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಬಡವನಿಗೂ ಎಟಕುವ ಭೂದ್ರವ್ಯಗಳಿಗೆ ಇಲ್ಲಿ ಎಷ್ಟು ಸ್ಥಾನವಿದೆಯೆಂಬುದು ತಿಳಿಯುತ್ತದೆ. ನಮ್ಮ ಚೌತಿಯ ಗಣಪತಿ ಲೇಪ್ಯ. ಹೊಳೆಯ ದಡದ ಮರಳಿನಿಂದ ಕೆಲವರು ಮಾಡುವ ಗೌರಿ ಸೈಕತೀ. ದೇವರ ಮುಂದೆ ಹೆಂಗಳೆಯರು ರಂಗವಲ್ಲಿಯಲ್ಲಿ ಬರೆಯುವ ಶಂಖ ಚಕ್ರ ಪದ್ಮಗಳನ್ನು ಲೇಖ್ಯದ ಸಾಲಿನಲ್ಲಿ ಎಣಿಸಿದರೆ ತಪ್ಪಾಗಲಾರದು.

ಅದೇ ಅಧ್ಯಾಯದಲ್ಲಿ ಮಣ್ಣಿನ ಮೂರ್ತಿಯನ್ನು ಪೂಜಿಸುವವರು ನೆನಪಿಡಬೇಕಾದ ಎರಡು ನಿಯಮಗಳೂ ಇವೆ. ಮೊದಲನೆಯದು, ಲೇಪ್ಯ ಲೇಖ್ಯ ಪ್ರತಿಮೆಗಳಿಗೆ ನೀರೆರೆದು ಸ್ನಾನ ಮಾಡಿಸಬಾರದು, ಮೃದುವಾಗಿ ಒರೆಸಿದರೆ ಸಾಕು. ಶಾಸ್ತ್ರವು ದ್ರವ್ಯದ ಸ್ವಭಾವವನ್ನು ಅರಿತೇ ವಿಧಿಸಿದೆ. ಹಸಿಮಣ್ಣಿನ ಮೂರ್ತಿಗೆ ಪಂಚಾಮೃತಾಭಿಷೇಕ ಮಾಡಿದರೆ ಅದು ನಿಲ್ಲುವುದೆಂತು? ಆದ್ದರಿಂದಲೇ ನಮ್ಮ ಮನೆಗಳಲ್ಲಿ ಅಭಿಷೇಕವು ಸಾಲಿಗ್ರಾಮಕ್ಕೆ ಸಲ್ಲುತ್ತದೆ. ಮೂರ್ತಿಗೆ ಹೂವಿನಿಂದ ಪ್ರೋಕ್ಷಣೆ ಮಾತ್ರ. ಎರಡನೆಯದು ಆವಾಹನೆ ಮತ್ತು ಉದ್ವಾಸನೆಗಳ ವಿಷಯ. ದೇವಾಲಯದ ಅಚಲ ಪ್ರತಿಮೆಗೆ ಪ್ರತಿದಿನ ಇವೆರಡೂ ಇಲ್ಲ. ಅಸ್ಥಿರ ಪ್ರತಿಮೆಯಲ್ಲಿ ವಿಕಲ್ಪವುಂಟು. ವ್ರತಕ್ಕೆಂದು ಮಾಡಿದ ಮೃಣ್ಮೂರ್ತಿಯಲ್ಲಿ ವ್ರತಕಲ್ಪದಂತೆ ಎರಡನ್ನೂ ಆಚರಿಸುತ್ತೇವೆ. ಕರೆದದ್ದು ನಾವು, ಕಳುಹಿಸಿಕೊಡುವುದೂ ನಾವು.

ಗಣಪತಿಯಲ್ಲಿ ಅಂತರ್ಗತನಾದ ವಿಶ್ವಂಭರನನ್ನು ಚಿಂತಿಸಿ, ಶ್ರೀಹರಿಗೆ ನಿವೇದಿಸಿದ್ದನ್ನು ಗಣಪತಿಗೆ ಸಮರ್ಪಿಸುವುದು ನಮ್ಮ ಸಂಪ್ರದಾಯ. ಮಣ್ಣು, ಮಣ್ಣಿನಲ್ಲಿ ಆಹ್ವಾನಿತನಾದ ಗಣಪತಿ, ಅವನ ಅಂತರ್ಯಾಮಿಯಾದ ಭಗವಂತ, ಈ ಮೂರೂ ಬೇರೆ ಬೇರೆ. ಶ್ರೀಮದಾಚಾರ್ಯರು ಪ್ರತಿಪಾದಿಸಿದ ಪಂಚಭೇದಗಳಲ್ಲಿ ಜಡ ಮತ್ತು ಈಶ್ವರರ ಭೇದವು ಚೌತಿಯ ಪೀಠದ ಮೇಲೆ ಪ್ರತಿ ವರ್ಷವೂ ಕಣ್ಣಿಗೆ ಕಾಣುವಂತೆ ನಡೆದುಹೋಗುತ್ತದೆ. ಈ ಭೇದಜ್ಞಾನವಿಲ್ಲದಿದ್ದರೆ ಬೆಳಿಗ್ಗೆ ಪೂಜಿಸಿದ್ದನ್ನು ಸಂಜೆ ನೀರಿಗೆ ಬಿಡಲು ಯಾರಿಗೆ ಧೈರ್ಯ ಬಂದೀತು?

ಮಣ್ಣಿಗೂ ಮಣ್ಣಿಗೂ ಭೇದ

ಪಂಚಭೇದಗಳಲ್ಲಿ ಜಡ-ಜಡ ಭೇದವೂ ಒಂದು. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದ್ದೆವು; ಅದು ನಮ್ಮ ಮನೆಯ ಮೂಲೆಮೂಲೆಯಲ್ಲಿಯೂ ಇದೆಯೆಂದು ಕಂಡದ್ದು ಮಾತ್ರ ತೀರ ಈಚೆಗೆ. ಒಂದು ಮಾಧ್ವ ಕುಟುಂಬದಲ್ಲಿ ಎಷ್ಟು ವಿಧದ ಮಣ್ಣುಗಳಿಗೆ ಕೆಲಸವಿದೆಯೆಂದು ಎಣಿಸಿ ನೋಡಬಹುದು.

ಮೊದಲನೆಯದು ಗೋಪೀಚಂದನ. ಗುಜರಾತಿನ ದ್ವಾರಕೆಯ ಸಮೀಪದಲ್ಲಿರುವ ಗೋಪೀತಲಾವ್ ಎಂಬ ಸರೋವರದ ಪ್ರದೇಶಕ್ಕೆ ಸಂಬಂಧಿಸಿದ, ನಸುಹಳದಿಯ ನಯವಾದ ಜೇಡಿ ಇದು. ಅಂಗೈಯಲ್ಲಿ ನೀರು ಹಾಕಿ ತೇದರೆ ಕೆನೆಯಂತೆ ಬಿಡುತ್ತದೆ. ದ್ವಾದಶ ನಾಮಗಳನ್ನೂ ಮುದ್ರೆಗಳನ್ನೂ ಧರಿಸುವಾಗ ಗಂಡಸರು ಪ್ರತಿದಿನ ಪ್ರಾತಃಕಾಲ ತಮ್ಮ ಮೈಯ ಮೇಲೆ ಮಣ್ಣಿನಿಂದ ಚಿತ್ರ ಬರೆಯುತ್ತಾರೆಂದೇ ಹೇಳಬೇಕು. ಉಡುಪಿಯ ಶ್ರೀಕೃಷ್ಣನು ಇಂತಹ ಗೋಪೀಚಂದನದ ಗಡ್ಡೆಯೊಳಗೆ ಹುದುಗಿ, ದ್ವಾರಕೆಯಿಂದ ಹಡಗಿನಲ್ಲಿ ಮಲ್ಪೆಯ ಕಡಲಿಗೆ ಬಂದು, ೧೩ನೆಯ ಶತಮಾನದಲ್ಲಿ ಶ್ರೀಮದಾಚಾರ್ಯರಿಂದ ಪ್ರತಿಷ್ಠಿತನಾದನೆಂಬ ಐತಿಹ್ಯವು ಸರ್ವವಿದಿತ. ಹಡಗಿನವರು ಅದನ್ನು ಭಾರಕ್ಕೆಂದು ಹಾಕಿದ ಬರಿಯ ಮಣ್ಣೆಂದು ಭಾವಿಸಿದ್ದರು. ಒಳಗಿದ್ದದ್ದನ್ನು ಕಂಡವರು ಆಚಾರ್ಯರು.

ಎರಡನೆಯದು ಬೃಂದಾವನದ ಮೃತ್ತಿಕೆ. ಶ್ರೀ ರಾಘವೇಂದ್ರಸ್ವಾಮಿಗಳು ೧೬೭೧ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದರು. ಅಲ್ಲಿಂದ ಮೃತ್ತಿಕೆಯನ್ನು ತಂದು ಊರೂರುಗಳಲ್ಲಿ ಮೃತ್ತಿಕಾಬೃಂದಾವನಗಳನ್ನು ಸ್ಥಾಪಿಸಿರುವುದನ್ನು ವಾಚಕರು ಬಲ್ಲರು. ಮೂರನೆಯದು ತುಳಸಿಯ ಬುಡದ ಮಣ್ಣು. ನಾಲ್ಕನೆಯದು ಹೊಸ್ತಿಲಿಗೂ ಗೋಡೆಯ ಅಂಚಿಗೂ ಬಳಿಯುವ ಕೆಮ್ಮಣ್ಣು. ಐದನೆಯದು ಬಿಳಿಯ ಕಲ್ಲಿನ ಪುಡಿಯಾದ ರಂಗವಲ್ಲಿ. ಚಾತುರ್ಮಾಸ್ಯದಲ್ಲಿ ಗೋಪದ್ಮ ವ್ರತವನ್ನು ಹಿಡಿದ ಸುಮಂಗಲಿಯರು ದಿನಕ್ಕೆ ಮೂವತ್ತಮೂರು ಗೋಪದ್ಮಗಳನ್ನು ಇದೇ ಪುಡಿಯಿಂದ ಬರೆಯುತ್ತಾರೆ. ಮರುದಿನ ಒರೆಸಿ ಮತ್ತೆ ಬರೆಯುತ್ತಾರೆ. ಆರನೆಯದು ಮೂರ್ತಿಗೆ ಒದಗುವ ಜೇಡಿಮಣ್ಣು.

ಇವುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಕೆಮ್ಮಣ್ಣಿನಿಂದ ಮೂರ್ತಿಯನ್ನು ತಿದ್ದಲು ಹೋದರೆ ಬಿರಿಯುತ್ತದೆ. ರಂಗವಲ್ಲಿಯ ಪುಡಿಯನ್ನು ಕಲಸಿದರೆ ಉಂಡೆಗಟ್ಟದು. ಮಣ್ಣನ್ನು ಮುಟ್ಟಿದ ಕೈಗೆ ಈ ಭೇದ ತಾನಾಗಿ ತಿಳಿಯುತ್ತದೆ. ೨೦೧೪ರಲ್ಲಿ ನಾವು ಮೋಸಹೋದದ್ದು ಕೈಗೆ ಮಣ್ಣಿನ ಪರಿಚಯ ತಪ್ಪಿದ್ದರಿಂದ.

ಕರಗುವುದು ಯಾವುದು, ಕರಗದ್ದು ಯಾವುದು

ಜೇಡಿಮಣ್ಣಿನ ಕಣಗಳು ಅತಿಸೂಕ್ಷ್ಮ. ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕವು. ಅವು ಚಪ್ಪಟೆಯಾದ ಹಾಳೆಗಳಂತಿದ್ದು, ನಡುವೆ ನೀರಿನ ತೆಳುಪದರವಿರುವಾಗ ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದಲೇ ಹಸಿಯ ಜೇಡಿ ನಾವು ಒತ್ತಿದ ಆಕಾರವನ್ನು ತಳೆದು ಹಾಗೆಯೇ ನಿಲ್ಲುತ್ತದೆ. ಒಣಗಿದಾಗ ನೀರು ಹೋಗಿ ಹಾಳೆಗಳು ಹತ್ತಿರ ಸರಿದು ಗಟ್ಟಿಯಾಗುತ್ತವೆ. ಮತ್ತೆ ನೀರಿಗಿಟ್ಟರೆ ಸಂದುಸಂದಿನಲ್ಲಿ ನೀರು ನುಗ್ಗಿ ಮೂರ್ತಿಯು ಪದರಪದರವಾಗಿ ಕಳಚಿ ತಳದಲ್ಲಿ ಮೆತ್ತನೆಯ ಕೆಸರಾಗಿ ಕೂರುತ್ತದೆ. ಹಸಿಯಾಗಿರುವ ಮೂರ್ತಿಗಿಂತ ಚೆನ್ನಾಗಿ ಒಣಗಿದ ಮೂರ್ತಿಯೇ ಬೇಗ ಕರಗುತ್ತದೆ ಎಂಬುದು ಕೇಳಲು ವಿಚಿತ್ರವಾದರೂ ನಿಜ. ಆದರೆ ಕುಂಬಾರನ ಆವಿಗೆಯಲ್ಲಿ ಬೆಂದ ಮಣ್ಣು ಮತ್ತೆ ಹಸಿಯಾಗದು. ಹಣತೆಗೆ ಅದು ಯೋಗ್ಯ, ವಿಸರ್ಜನೆಯ ಮೂರ್ತಿಗೆ ಅಯೋಗ್ಯ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಜಿಪ್ಸಮ್ ಕಲ್ಲನ್ನು ಸುಮಾರು ೧೫೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಯಿಸಿ, ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲನ್ನು ಹೊರಗಟ್ಟಿ ಮಾಡಿದ ಪುಡಿ. ಅದಕ್ಕೆ ನೀರು ಬೆರೆಸಿದರೆ ಕಳೆದುಕೊಂಡ ನೀರನ್ನು ಮತ್ತೆ ಹೀರಿ ಜಿಪ್ಸಮ್ ಕಲ್ಲೇ ಆಗಿಬಿಡುತ್ತದೆ. ಅದೂ ಭೂಮಿಯಿಂದ ಬಂದದ್ದೇ ಎಂದು ಕೆಲವರು ವಾದಿಸುವುದುಂಟು. ಬಂದದ್ದೇನೋ ಹೌದು, ಹಿಂದಿರುಗುವ ಬಗೆ ಬೇರೆ. ಒಂದು ಲೀಟರ್ ನೀರಿನಲ್ಲಿ ಜಿಪ್ಸಮ್ ಕರಗುವುದು ಸುಮಾರು ೨ ಗ್ರಾಂ ಮಾತ್ರ. ೧೫ ಲೀಟರಿನ ಬಕೆಟ್ಟಿನಲ್ಲಿ ೩೦ ಗ್ರಾಂ ಆಯಿತು. ಮೂರ್ತಿಯ ತೂಕ ಒಂದು ಕಿಲೋ ಎಂದಿಟ್ಟುಕೊಂಡರೆ ಅದನ್ನು ಕರಗಿಸಲು ಮೂವತ್ತಕ್ಕೂ ಹೆಚ್ಚು ಬಕೆಟ್ ನೀರು ಬೇಕು. ನಮ್ಮ ಬಕೆಟ್ಟಿನಲ್ಲಿ ಮೂರು ದಿನವಲ್ಲ, ಮೂರು ತಿಂಗಳಿಟ್ಟಿದ್ದರೂ ಅದು ಕರಗುತ್ತಿರಲಿಲ್ಲ. ಈ ಲೆಕ್ಕವು ಅಂದು ತಿಳಿದಿದ್ದರೆ ತಾಯಿಯವರು ಆ ಮೂರು ರಾತ್ರಿ ನಿದ್ರೆಗೆಡಬೇಕಾಗಿರಲಿಲ್ಲ.

ಹೊಳೆಯುವ ರಾಸಾಯನಿಕ ಬಣ್ಣಗಳಲ್ಲಿ ಸೀಸ ಮೊದಲಾದ ಭಾರಲೋಹಗಳಿರುವ ಸಂಭವವೂ ಇದೆ. ನೀರಿಗೆ ಬಿದ್ದ ಮೇಲೆ ಅವು ಕೆರೆಯ ಹೂಳಿನಲ್ಲಿ ಉಳಿಯುತ್ತವೆ. ಯಲಹಂಕದ ಕೆರೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಹರಿಯುವಂತೆ ನಮ್ಮ ಹಿರಿಯರು ಕೆರೆಗಳನ್ನು ಒಂದಕ್ಕೊಂದು ಹೆಣೆದಿದ್ದಾರೆ. ಒಂದು ಕೆರೆಗೆ ಹಾಕಿದ್ದು ಆ ಕೆರೆಯೊಂದರಲ್ಲೇ ನಿಲ್ಲುವುದೆಂಬ ಭರವಸೆಯಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿಯು ಪ್ಲಾಸ್ಟರಿನ ಮೂರ್ತಿಗಳನ್ನು ನಿಷೇಧಿಸಿ, ಸ್ವಾಭಾವಿಕ ಜೇಡಿಮಣ್ಣು ಮತ್ತು ಸ್ವಾಭಾವಿಕ ವರ್ಣಗಳನ್ನು ಬಳಸುವಂತೆ ತಿಳಿಸಿದೆ. ಕಾನೂನು ಇಂದು ಹೇಳುತ್ತಿರುವುದನ್ನು ಸಂಪ್ರದಾಯವು ಮೊದಲೇ ಮಾಡುತ್ತಿತ್ತೆಂದು ಹೆಮ್ಮೆ ಪಡುವುದಕ್ಕಿಂತ, ಆ ಸಂಪ್ರದಾಯವನ್ನು ನಾವೇ ಕೈಬಿಟ್ಟೆವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ನಾಡಿನಲ್ಲಿ ಮಣ್ಣಿನ ಕಲೆ

ಮಣ್ಣಿನಿಂದ ರೂಪ ಮಾಡುವುದು ಚೌತಿಗೆ ಮಾತ್ರ ಸೀಮಿತವಾದುದಲ್ಲ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಅಮಾವಾಸ್ಯೆಯು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನ ಜೋಡೆತ್ತುಗಳಿಗೆ ಪೂಜೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಕೂರಿಸುತ್ತಾರೆ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ. ಭಾದ್ರಪದಕ್ಕೆ ಗೌರಿ ಗಣಪತಿ. ಕಾರ್ತಿಕಕ್ಕೆ ಹಣತೆ. ಮುಂಗಾರಿನಿಂದ ದೀಪಾವಳಿಯವರೆಗೆ ತಿಂಗಳಿಗೊಂದು ಸಲವಾದರೂ ಮನೆಮಂದಿಯ ಕೈ ಮಣ್ಣಾಗುತ್ತಿತ್ತು.

ಬಣ್ಣಗಳ ವಿಷಯದಲ್ಲಿಯೂ ನಮ್ಮ ನಾಡು ಸಂಪನ್ನವಾದುದು. ಕರಾವಳಿಯ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಕಾವಿಕಲೆಯನ್ನು ಕಾಣಬಹುದು. ಸುಣ್ಣದ ಗಾರೆಯ ಮೇಲೆ ಕಾವಿಮಣ್ಣಿನ ಕೆಂಪು ಲೇಪವನ್ನು ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನಚಾದ ಸಲಾಕೆಯಿಂದ ಕೆರೆದು ಒಳಗಿನ ಬಿಳುಪು ಕಾಣುವಂತೆ ದೇವತಾರೂಪಗಳನ್ನೂ ಬಳ್ಳಿಗಳನ್ನೂ ಬರೆಯುತ್ತಾರೆ. ನಮ್ಮ ಯತಿಗಳ ವಸ್ತ್ರಕ್ಕೆ ಹೆಸರು ಬಂದಿರುವುದೂ ಈ ಕಾವಿಯಿಂದಲೇ. ಸಾಗರದ ಸೀಮೆಯ ದೀವರ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯನ್ನು ನೆನೆಸಿ ರುಬ್ಬಿದ ಬಿಳುಪು, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇವುಗಳಿಂದ ಪುಂಡಿ ನಾರಿನ ಕುಂಚ ಹಿಡಿದು ಹಸೆಚಿತ್ತಾರ ಬರೆಯುತ್ತಾರೆ. ತುಳುನಾಡಿನ ನಾಗಮಂಡಲದಲ್ಲಿ ಬಿಳಿಗೆ ಬಿಳಿಮಣ್ಣು, ಹಳದಿಗೆ ಅರಿಶಿನ, ಕೆಂಪಿಗೆ ಅರಿಶಿನ ಸುಣ್ಣಗಳ ಮಿಶ್ರಣ, ಹಸುರಿಗೆ ಎಲೆಯ ಪುಡಿ, ಕಪ್ಪಿಗೆ ಸುಟ್ಟ ಭತ್ತದ ಹೊಟ್ಟು. ಗಂಟೆಗಟ್ಟಲೆ ಶ್ರಮಿಸಿ ಬರೆದ ಆ ಮಂಡಲವು ಒಂದೇ ರಾತ್ರಿಯ ಸೇವೆಗೆ ಸಲ್ಲುತ್ತದೆ.

ಮನೆಯಲ್ಲಿ ಮೂರ್ತಿ ಮಾಡುವ ಕ್ರಮ

ಈಗ ಕೈಕೆಲಸದ ಪಾಠ. ನಮಗೆ ತಂದೆಯವರು ಕಲಿಸಿದಂತೆ ಬರೆಯುತ್ತಿದ್ದೇವೆ.

ಮಣ್ಣು: ಚರಂಡಿಯ ನೀರು ಸೇರುತ್ತಿರುವ ಕೆರೆಗಳ ಹೂಳನ್ನು ಇಂದು ಪೂಜೆಗೂ ಮಕ್ಕಳ ಕೈಗೂ ಬಳಸಲಾಗದು. ಕುಂಬಾರರಿಂದ ಶುಚಿಯಾದ ಜೇಡಿಯನ್ನು ಕೊಳ್ಳುವುದು ಉತ್ತಮ. ಬೆಂಗಳೂರಿನ ಪಾಟರಿ ಟೌನಿನಲ್ಲಿ ತಲೆಮಾರುಗಳಿಂದ ಈ ವೃತ್ತಿಯನ್ನು ನಡೆಸಿಕೊಂಡು ಬಂದ ಕುಟುಂಬಗಳಿವೆ. ಐದಾರು ಅಂಗುಲ ಎತ್ತರದ ಮೂರ್ತಿಗೆ ಎರಡು ಕಿಲೋ ಮಣ್ಣು ಸಾಕು.

ಹದ: ಒಣಮಣ್ಣಾದರೆ ಕುಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿ, ತಿಳಿನೀರನ್ನು ಬಸಿದು, ದಪ್ಪ ಬಟ್ಟೆಯ ಮೇಲೆ ಹರಡಬೇಕು. ಕೈಗೆ ಅಂಟದಷ್ಟು ಆರಿದ ಮೇಲೆ ಚಪಾತಿ ಹಿಟ್ಟಿನಂತೆ ಚೆನ್ನಾಗಿ ನಾದಬೇಕು. ಬಿಡಿಸಿದ ಹತ್ತಿಯ ಎಳೆಯನ್ನು ಒಂದು ಚಿಟಿಕೆ ಬೆರೆಸಿ ನಾದಿದರೆ ಬಿರುಕು ಕಡಿಮೆ. ಸಣ್ಣ ಬತ್ತಿಯಂತೆ ಹೊಸೆದು ಬೆರಳಿಗೆ ಸುತ್ತಿ ನೋಡಿರಿ. ಬಿರಿಯದಿದ್ದರೆ ಹದ ಬಂದಿದೆ.

ಆಕಾರ: ಮೊದಲು ಚಪ್ಪಟೆಯಾದ ಪೀಠ. ಅದರ ಮೇಲೆ ಮಡಿಸಿದ ಕಾಲುಗಳು, ಹೊಟ್ಟೆಯ ಉಂಡೆ, ತಲೆಯ ಉಂಡೆ. ಭಾಗಗಳನ್ನು ಸೇರಿಸುವೆಡೆಯಲ್ಲಿ ಎರಡೂ ಮೈಗಳನ್ನು ಕಡ್ಡಿಯಿಂದ ಗೀರಿ, ಗಂಜಿಯಂತೆ ಕಲಸಿದ ಮಣ್ಣನ್ನು ಸವರಿ ಒತ್ತಬೇಕು. ಬರಿದೆ ಅಂಟಿಸಿದ್ದು ಒಣಗಿದಾಗ ಕಳಚುತ್ತದೆ. ಸೊಂಡಿಲು ಹೊಟ್ಟೆಗೆ ತಾಗಿಯೇ ಇಳಿಯಲಿ, ಆಧಾರವಿಲ್ಲದೆ ತೂಗಬಾರದು. ಕೈಗಳನ್ನು ದಪ್ಪವಾಗಿಯೇ ಮಾಡಿ. ಕೊನೆಗೆ ಒದ್ದೆ ಬೆರಳಿನಿಂದ ನಯಗೊಳಿಸಿ. ಶ್ರೀಮದಾಚಾರ್ಯರ ತಂತ್ರಸಾರಸಂಗ್ರಹದಲ್ಲಿ ಪ್ರತಿಮಾಲಕ್ಷಣದ ವಿಚಾರವೂ ಬಂದಿದೆ. ದೇವಾಲಯದ ಪ್ರತಿಮೆಗಳನ್ನು ಕಡೆಯುವ ಶಿಲ್ಪಿಗೆ ಆ ಬಗೆಯ ಪ್ರಮಾಣಜ್ಞಾನ ಅವಶ್ಯ. ಒಂದು ದಿನದ ವ್ರತಕ್ಕೆ ಮಗು ಮಾಡಿದ ಮೂರ್ತಿಯಲ್ಲಿ ಅಂಗಗಳು ಪೂರ್ಣವಾಗಿ ಗುರುತಿಗೆ ಸಿಕ್ಕರೆ ಸಾಕು.

ಒಣಗಿಸುವಿಕೆ: ನೆರಳಿನಲ್ಲಿ ಐದರಿಂದ ಏಳು ದಿನ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಆರಿ ಸೀಳುತ್ತದೆ. ಮೂರ್ತಿಯು ಹತ್ತರಲ್ಲಿ ಒಂದು ಪಾಲಿನವರೆಗೆ ಕುಗ್ಗುವುದರಿಂದ ಒಳಗೆ ಕಡ್ಡಿ, ತಂತಿಗಳನ್ನು ಸೇರಿಸಬಾರದು.

ಬಣ್ಣ: ಕೆಂಪಿಗೆ ಕೆಮ್ಮಣ್ಣು. ನಮ್ಮ ಕೊಡಿಗೇಹಳ್ಳಿಯ ಸುತ್ತ ಮನೆಗೆ ಪಾಯ ತೋಡಿದಾಗ ಮೇಲೆ ಬರುವುದು ಈ ಕೆಂಪು ಮಣ್ಣೇ. ಕಬ್ಬಿಣದ ಆಕ್ಸೈಡಿನಿಂದ ಅದಕ್ಕೆ ಆ ಬಣ್ಣ. ಶುಚಿಯಾದ ಸ್ಥಳದ್ದನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿಟ್ಟರೆ ಮರುದಿನ ನಯವಾದ ಬಣ್ಣ ದೊರೆಯುತ್ತದೆ. ಹಳದಿಗೆ ಅರಿಶಿನ, ಬಿಳುಪಿಗೆ ಅಕ್ಕಿಹಿಟ್ಟಿನ ಗಂಜಿ, ಕಪ್ಪಿಗೆ ದೀಪದ ಕಾಡಿಗೆ. ಅರಿಶಿನವು ಬಿಸಿಲಿಗೆ ಮಾಸುತ್ತದೆ; ಕೆಮ್ಮಣ್ಣು ಮಾಸದು. ಕಣ್ಣಿಗೆ ಗುಲಗಂಜಿಯನ್ನು ಇಡುವ ರೂಢಿಯಿದೆ. ಅದರ ಬೀಜ ವಿಷಕಾರಿ; ಮಕ್ಕಳಿರುವ ಮನೆಯಲ್ಲಿ ಸಾಸಿವೆ ಅಥವಾ ಕಾಡಿಗೆಯ ಚುಕ್ಕೆ ಸಾಕು.

ವಿಸರ್ಜನೆ: ಉದ್ವಾಸನೆಯಾದ ಮೇಲೆ ಹೂ, ಗೆಜ್ಜೆವಸ್ತ್ರ, ಪತ್ರೆಗಳನ್ನು ಬೇರ್ಪಡಿಸಿ, ಮೂರ್ತಿಯನ್ನು ಶುದ್ಧವಾದ ಪಾತ್ರೆಯ ನೀರಿನಲ್ಲಿ ನಿಧಾನವಾಗಿ ಇಳಿಸಬೇಕು. ಐದಾರು ಅಂಗುಲದ ಮೂರ್ತಿ ಸಾಮಾನ್ಯವಾಗಿ ಬೆಳಗಾಗುವುದರೊಳಗೆ ಕರಗಿರುತ್ತದೆ. ಆ ನೀರನ್ನೂ ಮಣ್ಣನ್ನೂ ಕಾಲು ತುಳಿಯದ ಕಡೆ, ಪಾರಿಜಾತವೋ ದಾಸವಾಳವೋ ಇರುವಲ್ಲಿ ಹಾಕಬಹುದು.

ಉಪಸಂಹಾರ

೨೦೧೫ರ ಚೌತಿಯಿಂದ ನಮ್ಮ ಮನೆಯಲ್ಲಿ ಮತ್ತೆ ಮಣ್ಣಿನ ಕೆಲಸ ಆರಂಭವಾಯಿತು. ಮೊದಲ ವರ್ಷ ನಾವು ಮಾಡಿದ ಮೂರ್ತಿ ಒಣಗುವಾಗ ಬಲಗೈ ಕಳಚಿತು. ಗೀರಿ ಸೇರಿಸಬೇಕೆಂಬ ಮಾತನ್ನು ಉದಾಸೀನ ಮಾಡಿದ್ದರ ಫಲ. ಎರಡನೆಯ ವರ್ಷ ತಲೆ ಬಿರಿಯಿತು. ಭಿನ್ನವಾದದ್ದನ್ನು ಪೂಜೆಗೆ ಇಡಲಾಗದಾದ್ದರಿಂದ ಎರಡು ಸಲವೂ ನೆನೆಸಿ, ನಾದಿ, ಮತ್ತೆ ಮಾಡಿದೆವು. ಕೆಟ್ಟದ್ದನ್ನು ಪುನಃ ಮೊದಲಿನಿಂದ ಮಾಡಲು ಬಿಡುವ ದ್ರವ್ಯ ಮಣ್ಣಿನಂತೆ ಮತ್ತೊಂದಿಲ್ಲ. ಪ್ರತಿದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲಿಳಿಸುವ ಮುನ್ನ ಭೂದೇವಿಯಲ್ಲಿ ಕ್ಷಮೆ ಬೇಡುವ ಅಭ್ಯಾಸ ನಮ್ಮದು. ಆ ಪ್ರಾರ್ಥನೆಯ ಅರ್ಥ ಮಣ್ಣನ್ನು ನಾದುವಾಗ ಸ್ವಲ್ಪ ಹೆಚ್ಚು ತಿಳಿಯುತ್ತದೆ.

ಈಗ ನಮ್ಮ ಮಗಳು ತಾತನ ಪಕ್ಕದಲ್ಲಿ ಕುಳಿತು ಮೂಷಕವನ್ನು ಮಾಡುತ್ತಾಳೆ. ತಂದೆಯವರಿಗೆ ಮಣಿಕಟ್ಟು ಬಾಗುವುದಿಲ್ಲ. ಎಲ್ಲಿ ಒತ್ತಬೇಕೆಂದು ಬೆರಳಿನಿಂದ ತೋರಿಸುತ್ತಾರೆ. ಹೋದ ವರ್ಷ ವಿಸರ್ಜನೆಯ ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೆದ್ದು ಬಕೆಟ್ಟನ್ನು ನೋಡಿ ಬಂದು, "ತಾತ, ಬರೀ ನೀರು, ಕೆಳಗೆ ಮಣ್ಣು" ಎಂದಳು. ತಂದೆಯವರು ಹೋಗಿ ಬಗ್ಗಿ ನೋಡಿ, ತಳದ ಕೆಸರನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ತಾಯಿಯವರು ಆ ನೀರನ್ನು ಪಾರಿಜಾತದ ಬುಡಕ್ಕೆ ಸುರಿದು ಕಾಫಿಗಿಡಲು ಒಳಗೆ ಹೋದರು.

ಬರುವ ಚೌತಿಗೆ ಎಲ್ಲರೂ ಸ್ವತಃ ಮಾಡಲೇಬೇಕೆಂದು ನಮ್ಮ ನಿರ್ಬಂಧವಿಲ್ಲ. ಮಾಡಲಾಗದವರು ಕುಂಬಾರನ ಕೈಯಿಂದ ಬಣ್ಣವಿಲ್ಲದ ಹಸಿಮಣ್ಣಿನ ಮೂರ್ತಿಯನ್ನು ಕೊಳ್ಳಲಿ. ಕೊಳ್ಳುವ ಮುನ್ನ ಪೀಠದ ಅಡಿಯನ್ನು ತಿರುಗಿಸಿ, ಒದ್ದೆ ಬೆರಳಿನಿಂದ ಒಮ್ಮೆ ಉಜ್ಜಿ ನೋಡಲಿ. ಬೆರಳಿಗೆ ಕೆಸರು ಹತ್ತಿದರೆ ಅದು ಮಣ್ಣು. ಇಷ್ಟು ಪರೀಕ್ಷೆಯನ್ನು ಅಂದು ನಾವು ಮಾಡಲಿಲ್ಲ. ವಾಚಕರು ಮಾಡಲೆಂದು ಪ್ರಾರ್ಥನೆ.

ಶ್ರೀಕೃಷ್ಣಾರ್ಪಣಮಸ್ತು.